ತೋಟೆ ಇದೆಯೆಂದೇ ತಿಳಿಯಿರಿ

ಪ್ರತಿ ತಿಂಗಳ ಮೊದಲನೆಯ ವಾರದಲ್ಲಿ ನಾವು ಬೇಂಕಿಗೆ ಹೋಗುತ್ತೇವೆ. ಈ ಕಾಲದಲ್ಲಿ ಪೆನ್ಷನ್ ಹಣವನ್ನು ಯಂತ್ರದಿಂದ ತೆಗೆಯಬಹುದು, ಮಿಕ್ಕಿದ್ದನ್ನೆಲ್ಲ ಫೋನಿನಲ್ಲೇ ಮುಗಿಸಬಹುದು ಎಂದು ಮಗ ನೂರು ಸಲ ಹೇಳಿದ್ದಾನೆ. ಆದರೂ ಪಾಸ್‌ಬುಕ್ಕಿನಲ್ಲಿ ಅಚ್ಚಾದ ಅಂಕಿಯನ್ನು ಕಣ್ಣಾರೆ ಕಂಡ ಹೊರತು ನಮಗೆ ಸಮಾಧಾನವಿಲ್ಲ. ತ್ಯಾಗರಾಯನಗರದ ಆ ಬೇಂಕಿನಲ್ಲಿ ಮುದುಕರಿಗೆಂದೇ ಒಂದು ಬೆಂಚು ಉಂಟು. ಅದರೆದುರಿಗೆ, ಬಾಗಿಲ ಮಗ್ಗುಲಲ್ಲಿ, ಒಂದು ಸ್ಟೂಲು. ಸ್ಟೂಲಿನ ಮೇಲೆ ಪಹರೆಯವರು. ಪಹರೆಯವರ ಕೈಯಲ್ಲಿ ಜೋಡಿ ನಳಿಗೆಯ ಬಂದೂಕು. ಹಲವು ವರ್ಷ ಆ ಬಂದೂಕಿನೆದುರಿಗೆ ಕುಳಿತು ನಾವು ಚೆನ್ನೈಯ ಬಿಸಿಲು, ಮೆಟ್ರೋ ರೈಲಿನ ಅಗೆತ, ತರಕಾರಿಯ ಬೆಲೆ ಎಲ್ಲವನ್ನೂ ಮಾತನಾಡಿದ್ದೇವೆ. ಬಂದೂಕಿನ ವಿಚಾರ ಮಾತ್ರ ಆಡಿದುದಿಲ್ಲ. ಗೋಡೆಯ ಗಡಿಯಾರದಂತೆ ಅದೂ ಇರಬೇಕಾದ ಕಡೆ ಇದೆ ಎಂದುಕೊಂಡಿದ್ದೆವು.

ಪಹರೆಯವರು ಕೊಡಗಿನವರು, ಸೈನ್ಯದಲ್ಲಿ ಹವಾಲ್ದಾರರಾಗಿದ್ದು ನಿವೃತ್ತರಾದವರು. ನಮ್ಮಾಕೆಯೊಡನೆ ನಾವು ಕನ್ನಡದಲ್ಲಿ ಗೊಣಗುತ್ತಿದ್ದುದನ್ನು ಕೇಳಿ ತಾವಾಗಿಯೇ ಪರಿಚಯ ಮಾಡಿಕೊಂಡರು. ಒಂದು ದಿನ ಸಲಿಗೆಯಿಂದ ಕೇಳಿದೆವು: “ಏನು ಹವಾಲ್ದಾರರೇ, ಇದರಲ್ಲಿ ತೋಟೆ ಇದೆಯೋ, ಅಥವಾ ಕಳ್ಳರನ್ನು ಹೆದರಿಸುವುದಕ್ಕೆ ಮಾತ್ರವೋ?”

ಅವರು ನಗಲಿಲ್ಲ. “ಇದೆಯೆಂದೇ ತಿಳಿಯಿರಿ. ಇಲ್ಲದಾಗಲೂ ಹಾಗೆಯೇ ತಿಳಿಯಿರಿ” ಎಂದರು.

ಸ್ವಲ್ಪ ಹೊತ್ತಿನ ಮೇಲೆ, ನಮಗೆ ಬೇಸರವಾಯಿತೆಂದು ಭಾವಿಸಿದರೇನೋ, ತಮ್ಮೂರಿನ ಕೈಲ್‌ಪೊಳ್ದು ಹಬ್ಬದ ಸಂಗತಿ ಹೇಳಿದರು. ನಾಟಿಯ ಕೆಲಸ ಮುಗಿದ ಮೇಲೆ, ಸೆಪ್ಟೆಂಬರ್ ಮೊದಲಲ್ಲಿ, ಮನೆಯ ಕೋವಿ ಕತ್ತಿಗಳನ್ನೆಲ್ಲ ಒರೆಸಿ, ದೇವರ ಮುಂದಿಟ್ಟು, ತೋಕ್ ಪೂ ಎಂಬ ಕೆಂಪು ಹೂವನ್ನು ಮುಡಿಸಿ ಪೂಜಿಸುತ್ತಾರೆ. ಈ ಹೂವೇ ತಮಿಳುನಾಡಿನ ರಾಜ್ಯಪುಷ್ಪವೂ ಹೌದು. ಇಲ್ಲಿ ಅದನ್ನು ಸೆಂಗಾಂದಳ್ ಎನ್ನುವರು. ಪೂಜೆ ಮುಗಿದ ಮೇಲೆ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪಂದ್ಯ. ಆದರೆ ಹವಾಲ್ದಾರರಿಗೆ ಅವರ ತಂದೆ ಒಂದು ವರ್ಷ ಕಾಲ ಬರಿಯ ಕೋವಿಯನ್ನೇ ಹೊರಿಸಿದರಂತೆ. ತೋಟದಲ್ಲಿ, ಗದ್ದೆಯ ಬದುವಿನ ಮೇಲೆ, ಏಣಿ ಹತ್ತುವಾಗ, ಒಮ್ಮೆಯೂ ನಳಿಗೆ ಮನುಷ್ಯರ ಕಡೆಗೆ ತಿರುಗಲಿಲ್ಲವೆಂದು ನಂಬಿಕೆಯಾದ ಮೇಲೆ ಮೊದಲ ತೋಟೆ ಕೈಗೆ ಬಂದದ್ದು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಲೈಸೆನ್ಸಿನಿಂದ ವಿನಾಯಿತಿ ಉಂಟೆಂಬುದು ಓದುಗರಿಗೆ ತಿಳಿದ ವಿಷಯ. ಲೈಸೆನ್ಸು ಬೇಡವೆಂದ ಮಾತ್ರಕ್ಕೆ ಶಿಕ್ಷಣ ಬೇಡವೆಂದಲ್ಲ, ನೋಡಿರಿ.

ಇದನ್ನೆಲ್ಲ ಕೇಳಿ ತಲೆದೂಗಿ ಮನೆಗೆ ಬಂದು ಮರೆತುಬಿಟ್ಟೆವು. ಮರೆತದ್ದರ ಫಲ ಮುಂದೆ ಕಂಡಿತು.

ನಮ್ಮಾಕೆಯ ತೌರು ತಾಳವಾಡಿಯ ಕಡೆ. ಈರೋಡು ಜಿಲ್ಲೆಗೆ ಸೇರಿದ್ದರೂ ಕನ್ನಡವೇ ಮನೆಮಾತಾಗಿರುವ ಸೀಮೆ ಅದು. ಅಲ್ಲಿಂದ ಆಕೆಯ ಬಾಲ್ಯದ ಗೆಳತಿಯ ಮಗ ಕೆಲಸ ಹುಡುಕಿಕೊಂಡು ಚೆನ್ನೈಗೆ ಬಂದ. ವಯಸ್ಸು ಇಪ್ಪತ್ತೆರಡು, ತಂದೆ ಇಲ್ಲ, ತಂಗಿ ಕಾಲೇಜಿನಲ್ಲಿ ಓದುತ್ತಿದ್ದಾಳೆ. ಒಂದು ಖಾಸಗಿ ಪಹರೆಯ ಕಂಪೆನಿ ಅವನನ್ನು ಸೇರಿಸಿಕೊಂಡು ಯಾವುದೋ ಅಪಾರ್ಟ್‌ಮೆಂಟಿನ ಗೇಟಿಗೆ ಹಾಕಿತು. ಭಾನುವಾರ ನಮ್ಮಲ್ಲಿ ಊಟ. ಏಳೆಂಟು ತಿಂಗಳ ಮೇಲೆ ಒಂದು ಭಾನುವಾರ ಕುಣಿಯುತ್ತ ಬಂದು, “ದೊಡ್ಡಪ್ಪ, ನನ್ನನ್ನ ಗನ್‌ಮ್ಯಾನ್ ಮಾಡವ್ರೆ. ಬೇಂಕಿನ ದುಡ್ಡು ಸಾಗಿಸೋ ವ್ಯಾನು. ತಿಂಗಳಿಗೆ ಆರು ಸಾವಿರ ಜಾಸ್ತಿ” ಎಂದ. ನಾವು ಬೆನ್ನು ತಟ್ಟಿದೆವು. ನಮ್ಮಾಕೆ ಪಾಯಸ ಮಾಡಿದಳು. ಬಂದೂಕು ಹಿಡಿಯಲು ನಿನಗೆ ಬರುತ್ತದೆಯೇ ಎಂದು ಕೇಳಬೇಕೆಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಇಂಥ ಕೆಲಸಕ್ಕೆ ಆಳು ಬೇಕಾಗಿರುವುದು ಸುಮ್ಮನೆ ಅಲ್ಲ. ನಮ್ಮ ಊರಿನಲ್ಲೇ 2012ರ ಜನವರಿ ಫೆಬ್ರವರಿಗಳಲ್ಲಿ ಪೆರುಂಗುಡಿ, ಕೀಳ್ಕಟ್ಟಳೈಗಳ ಬೇಂಕುಗಳಿಗೆ ದರೋಡೆಕೋರರು ನುಗ್ಗಿದುದು ನೆನಪಿದೆ. ಬೀದರಿನಲ್ಲಿ 2025ರ ಜನವರಿ 16ರಂದು ಎ.ಟಿ.ಎಂ.ಗೆ ತುಂಬಲು ತಂದ ಹಣಕ್ಕಾಗಿ ಗುಂಡು ಹಾರಿಸಿ ಒಬ್ಬ ಸಿಬ್ಬಂದಿಯನ್ನು ಕೊಂದರು. ಹಣ ಸಾಗಿಸುವ ವ್ಯಾನಿನಲ್ಲಿ ಡ್ರೈವರನಲ್ಲದೆ ಇಬ್ಬರು ಸಶಸ್ತ್ರ ಕಾವಲುಗಾರರಿರಬೇಕೆಂದು ಕೇಂದ್ರ ಗೃಹಖಾತೆ 2018ರಲ್ಲಿ ನಿಯಮ ಮಾಡಿತು. ಒಂದು ವ್ಯಾನಿಗೆ ಇಬ್ಬರು ಎಂದರೆ ಊರಿನ ವ್ಯಾನುಗಳಿಗೆಲ್ಲ ಎಷ್ಟು ಜನ ಬೇಕು? ಅಷ್ಟು ಮಂದಿ ಹವಾಲ್ದಾರರು ಎಲ್ಲಿಂದ ಬರಬೇಕು?

ಮೂರನೆಯ ಭಾನುವಾರ ಹುಡುಗ ಊಟದ ನಡುವೆ ಒಂದು ಕಥೆ ಹೇಳಿದ. ಬಂದೂಕಿನ ಲೈಸೆನ್ಸು ಬೇರೊಬ್ಬ ಗನ್‌ಮ್ಯಾನಿನದು. ಅವನಿಗೆ ಜ್ವರ ಬಂದಾಗ ಬಂದೂಕನ್ನೂ ತೋಟೆಯ ಬೆಲ್ಟನ್ನೂ ಇವನ ಕೈಗೆ ಕೊಟ್ಟು, “ಯಾರಾದರೂ ಕೇಳಿದರೆ ನನ್ನ ಹೆಸರು ಹೇಳು” ಎಂದು ಮಲಗಲು ಹೋದನಂತೆ. ಇವನು ಬಂದೂಕನ್ನು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ವ್ಯಾನಿನಲ್ಲಿ ಕುಳಿತ. “ಪೂನಮಲ್ಲಿ ರೋಡಲ್ಲಿ ಒಂದು ಗುಂಡಿ ಬಂತು ದೊಡ್ಡಪ್ಪ. ಗನ್ನು ಕೈಯಿಂದ ಜಾರ್ಬುಡ್ತು. ಹಣದ ಪೆಟ್ಟಿಗೆ ಹತ್ರ ಕೂತಿದ್ದ ಆಫೀಸರು ಎಗರಿ ಬಿದ್ರು!” ಎಂದು ಅವನು ನಕ್ಕ. ನಾವೂ ನಕ್ಕೆವು.

ಅಂದು ರಾತ್ರಿ ದೀಪ ಆರಿಸಿದ ಮೇಲೆ ನಮ್ಮಾಕೆ ಕೇಳಿದಳು: “ಅದರೊಳಗೆ ತೋಟೆ ಇತ್ತೇ?” ನಮಗೆ ಗೊತ್ತಿರಲಿಲ್ಲ. ಮರುದಿನ ಫೋನು ಮಾಡಿ ಕೇಳಿದರೆ ಹುಡುಗನಿಗೂ ಗೊತ್ತಿರಲಿಲ್ಲ.

ಹವಾಲ್ದಾರರ ಪಾಳಿ ಮುಗಿಯುವ ಹೊತ್ತಿಗೆ ಹುಡುಗನನ್ನು ಬೇಂಕಿನ ಹಿಂದಿನ ಚಹದಂಗಡಿಗೆ ಕರೆದುಕೊಂಡು ಹೋದೆವು. ಅವರು ಮೂರೇ ಪ್ರಶ್ನೆ ಕೇಳಿದರು. “ಬಂದೂಕು ಕೈಗೆ ಬಂದಾಗ ನಳಿಗೆ ತೆರೆದು ನೋಡಿದೆಯಾ? ವ್ಯಾನಿನಲ್ಲಿ ನಳಿಗೆಯ ಬಾಯಿ ಯಾರ ಕಡೆಗಿತ್ತು? ಎಂದಾದರೂ ಒಂದು ಈಡು ಹಾರಿಸಿದ್ದೀಯಾ?” ಮೊದಲನೆಯದಕ್ಕೂ ಮೂರನೆಯದಕ್ಕೂ ಇಲ್ಲವೆಂಬುದೇ ಉತ್ತರ. ಎರಡನೆಯದಕ್ಕೆ ಅವನು ಬಹಳ ಹೊತ್ತು ಯೋಚಿಸಿ, “ನನ್ನ ಗದ್ದದ ಕಡೆಗೇ ಇತ್ತು ಅಂತ ಕಾಣ್ತದೆ ಸಾರ್” ಎಂದ.

ಹವಾಲ್ದಾರರು ನಮ್ಮ ಕೊಡೆಯನ್ನು ತೆಗೆದುಕೊಂಡು ಅಲ್ಲೇ ಪಾಠ ಹೇಳಿದರು. ಹುಡುಗ ಕೊಡೆ ಹಿಡಿದ ಕೂಡಲೆ ಅದರ ತುದಿ ಚಹದವನ ಎದೆಗೆ ತಿರುಗಿತು. ಹವಾಲ್ದಾರರು ಬೆರಳಿನಿಂದ ಅದನ್ನು ನೆಲಕ್ಕೆ ಒತ್ತಿದರು. “ನಳಿಗೆ ನೆಲಕ್ಕೆ, ಇಲ್ಲವೇ ಆಕಾಶಕ್ಕೆ. ಹೊಡೆಯಲೇಬೇಕೆಂದು ನಿಶ್ಚಯವಾಗುವ ತನಕ ಬೆರಳು ಕುದುರೆಯ ಮೇಲೆ ಹೋಗಬಾರದು. ಒಬ್ಬರಿಂದೊಬ್ಬರಿಗೆ ಕೊಡುವಾಗ ನಳಿಗೆ ತೆರೆದು ಬರಿದೆಂದು ತೋರಿಸಿ ಕೊಡಬೇಕು. ತೆಗೆದುಕೊಳ್ಳುವವನು ಅವನು ನೋಡಿದ್ದಾನಲ್ಲ ಎನ್ನದೆ ತಾನೂ ನೋಡಬೇಕು.” ಇನ್ನೊಂದು ಮಾತನ್ನೂ ಹೇಳಿದರು. ಪಹರೆಯವರ ಬಂದೂಕು ಬಹುಮಟ್ಟಿಗೆ ಹನ್ನೆರಡು ಬೋರಿನದು. ಅದರ ತೋಟೆಯೊಳಗೆ ಸೀಸದ ಚರೆಗಳಿರುತ್ತವೆ. ಹಾರಿದ ಮೇಲೆ ದೂರ ಹೋದಷ್ಟೂ ಹರಡಿಕೊಳ್ಳುತ್ತವೆ. “ಬೇಂಕಿನೊಳಗೆ ಹೊಡೆದರೆ ಕಳ್ಳನಿಗೊಂದು ಭಾಗ, ಆ ಬೆಂಚಿನ ಮೇಲೆ ಕುಳಿತ ಇವರಿಗೊಂದು ಭಾಗ. ಆದ್ದರಿಂದ ಹೊಡೆಯುವುದು ಕಲಿಯುವುದಕ್ಕಿಂತ ಹೊಡೆಯದೆ ಇರುವುದನ್ನು ಕಲಿಯುವುದು ಕಷ್ಟ.” ಇವರಿಗೆ ಎಂದಾಗ ಅವರ ಬೆರಳು ನಮ್ಮಿಬ್ಬರ ಕಡೆ ತೋರಿತು.

ಕಾನೂನು ಏನು ಹೇಳುತ್ತದೆಂದು ಆ ಮೇಲೆ ನಾವು ವಿಚಾರಿಸಿದೆವು. ಖಾಸಗಿ ಪಹರೆಯ ಕಂಪೆನಿಗಳಿಗೆಂದು 2005ರ ಕಾಯಿದೆ ಇದೆ. ಅದರಂತೆ ಕಾವಲುಗಾರನಿಗೆ ಹದಿನೆಂಟು ತುಂಬಿರಬೇಕು, ಗೊತ್ತಾದ ತರಬೇತಿ ಮುಗಿದಿರಬೇಕು. ಆ ತರಬೇತಿ 100 ಗಂಟೆಯ ಪಾಠ, 60 ಗಂಟೆಯ ಹೊರಗಿನ ಅಭ್ಯಾಸ, ಕಡಮೆಯೆಂದರೆ 20 ದಿನ ಎಂದು ಕೇಂದ್ರದ 2006ರ ಮಾದರಿ ನಿಯಮಗಳು ವಿಧಿಸಿದವು. ಮಾಜಿ ಸೈನಿಕರಿಗೂ ಪೋಲೀಸರಿಗೂ 40 ಗಂಟೆ, 16 ಗಂಟೆ. ಬೆಂಕಿ ಆರಿಸುವುದು, ಪ್ರಥಮ ಚಿಕಿತ್ಸೆ, ಗುಂಪನ್ನು ನಿಭಾಯಿಸುವುದು ಎಲ್ಲವೂ ಆ ಪಟ್ಟಿಯಲ್ಲಿದ್ದುವು. ಬಂದೂಕು ಹಿಡಿಯುವ ಪಾಠವೂ ಇದ್ದಿತು. ಅದರ ಮುಂದೆ ‘ಐಚ್ಛಿಕ’ ಎಂದು ಬರೆದಿದ್ದಿತು! ಬರಿಗೈಯ ಕಾವಲುಗಾರರೇ ಹೆಚ್ಚಾದುದರಿಂದ ಹಾಗೆ ಮಾಡಿದುದಿರಬಹುದು. ಆದರೆ ಬಂದೂಕು ಹಿಡಿದವನಿಗೆ ಅದು ಐಚ್ಛಿಕವಾಗಿ ಉಳಿಯುವುದಿಲ್ಲ. ಆಯುಧಗಳ ಕಾಯಿದೆಯಂತೆ ಇಪ್ಪತ್ತೊಂದು ತುಂಬದವನಿಗೆ ಲೈಸೆನ್ಸಿಲ್ಲ. ಲೈಸೆನ್ಸು ಬೇಡುವವನು ಬಂದೂಕು, ತೋಟೆಗಳನ್ನು ಸುರಕ್ಷಿತವಾಗಿ ಇಡುವ, ಹಿಡಿಯುವ, ಸಾಗಿಸುವ ಶಿಕ್ಷಣ ಪಡೆದು ಎಸ್-1 ಎಂಬ ನಮೂನೆಯ ಪ್ರಮಾಣಪತ್ರ ತರಬೇಕೆಂದು 2016ರ ಆಯುಧ ನಿಯಮಗಳು ಸಾರಿದವು. ಆ ಶಿಕ್ಷಣ ಪಡೆದವನು ಜ್ವರ ಬಂದು ಮನೆಯಲ್ಲಿ ಮಲಗಿದ್ದ. ಬಂದೂಕು ನಮ್ಮ ಹುಡುಗನ ಮೊಣಕಾಲ ನಡುವೆ ಇದ್ದಿತು. ಹೆಸರು ಒಬ್ಬನದು, ಹೆಗಲು ಮತ್ತೊಬ್ಬನದು ಎಂಬುದು ಅಪರಾಧ. ಕಂಪೆನಿಗೆ ಮಾತ್ರವಲ್ಲ, ಹಿಡಿದ ಹುಡುಗನಿಗೂ ಅಪರಾಧ.

ಬೇರೆ ದೇಶಗಳಲ್ಲಿ ಹೇಗೆಂದು ಕ್ಯಾಲಿಫೋರ್ನಿಯಾದಲ್ಲಿರುವ ಅಣ್ಣನ ಮಗಳನ್ನು ಕೇಳಿದೆವು. ಅಲ್ಲಿ ಬಂದೂಕು ಹಿಡಿಯುವ ಕಾವಲುಗಾರ 14 ಗಂಟೆಯ ಪ್ರತ್ಯೇಕ ಶಿಕ್ಷಣ ಪಡೆದು ಪರೀಕ್ಷೆ ಕೊಡಬೇಕಂತೆ; ಅಷ್ಟಕ್ಕೇ ಮುಗಿಯದೆ ವರ್ಷಕ್ಕೆರಡು ಸಲ ಗುರಿಗೆ ಹೊಡೆದು ಮತ್ತೆ ತೇರ್ಗಡೆಯಾಗಬೇಕಂತೆ. ಕಲಿತದ್ದು ಮರೆತುಹೋಗುತ್ತದೆಂಬುದನ್ನು ಒಪ್ಪಿಕೊಂಡ ಕಾನೂನು ಅದು.

ಹುಡುಗ ಕಂಪೆನಿಗೆ ಹೋಗಿ, “ನನಗೆ ಕಲಿಸಿ, ನನ್ನ ಹೆಸರಿನಲ್ಲೇ ಲೈಸೆನ್ಸು ಆಗುವ ತನಕ ಬಂದೂಕು ಮುಟ್ಟುವುದಿಲ್ಲ” ಎಂದ. ಮರುದಿನವೇ ಅವನನ್ನು ಹಳೆಯ ಗೇಟಿಗೆ ಕಳುಹಿಸಿದರು. ಆರು ಸಾವಿರ ಹೋಯಿತು. ತಾಳವಾಡಿಯಿಂದ ಅವನ ತಾಯಿ ಫೋನು ಮಾಡಿದಳು. “ನೀವು ಓದಿದೋರು. ಬೇರೆಯವರ ಮಕ್ಕಳಿಗೆ ಬುದ್ಧಿ ಹೇಳೋದು ಸುಲಭ. ಮಗಳ ಫೀಸು ನಾನೆಲ್ಲಿಂದ ತರಲಿ?” ಎಂದು ಕೇಳಿದಳು. ಗೆಳತಿಯರಿಬ್ಬರೂ ಎರಡು ತಿಂಗಳು ಮಾತಾಡಲಿಲ್ಲ. ಪಾಯಸ ಮಾಡಿದ ದಿನವೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ಮೂರು ವಾರ ತಡೆದು ಕೇಳಿದವರು ನಾವು. ಆ ತಾಯಿಯ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಆ ಅವಧಿಯ ಫೀಸನ್ನು ನಾವು ಕಟ್ಟಿದೆವು, ಅದು ಉತ್ತರವಲ್ಲ. ಹುಡುಗ ಈಗ ತರಬೇತಿ ಮುಗಿಸಿ, ತನ್ನ ಹೆಸರಿನಲ್ಲಿ ಅರ್ಜಿ ಹಾಕಿ ಪೋಲೀಸು ವಿಚಾರಣೆಗೆ ಕಾದಿದ್ದಾನೆ.

ಹವಾಲ್ದಾರರು ಈಚೆಗೆ ಕೆಲಸ ಬಿಟ್ಟು ಊರಿಗೆ ಹೋದರು. ಕಳೆದ ತಿಂಗಳು ನಾವು ಬೇಂಕಿಗೆ ಹೋದಾಗ ಸ್ಟೂಲಿನ ಮೇಲೆ ಹೊಸಬ ಒಬ್ಬನಿದ್ದ. ತೊಡೆಯ ಮೇಲೆ ಅಡ್ಡಲಾಗಿ ಬಂದೂಕು. ನಳಿಗೆಯ ಬಾಯಿ ನೇರವಾಗಿ ಮುದುಕರ ಬೆಂಚಿಗೆ. ನಾವು ಎದ್ದು ಹೋಗಿ, “ತಂಬಿ, ಎಲ್ಲಿ ಕಲಿತೆ?” ಎಂದು ತಮಿಳಿನಲ್ಲಿ ಕೇಳಿದೆವು. ಅವನು ನಮ್ಮ ಮುಖ ನೋಡಿದ, ಬಂದೂಕು ನೋಡಿದ. ಮಾತಿಲ್ಲದೆ ನಳಿಗೆಯನ್ನು ನೆಲಕ್ಕಿಳಿಸಿದ. ಮ್ಯಾನೇಜರರು ನಮ್ಮನ್ನು ಜಗಳಗಂಟರನ್ನು ನೋಡುವಂತೆ ನೋಡಿದರು. ನೋಡಲಿ.

ನಮ್ಮ ಸಂಘದ ಬಂಧುಗಳಲ್ಲಿ ಒಡವೆ ಅಂಗಡಿಯವರಿದ್ದಾರೆ, ಕಾರಖಾನೆಯವರಿದ್ದಾರೆ, ಅಪಾರ್ಟ್‌ಮೆಂಟುಗಳ ಕಾರ್ಯದರ್ಶಿಗಳಿದ್ದಾರೆ. ಬಂದೂಕಿನ ಪಹರೆಯವರನ್ನು ಇಡುವ ದಿನ ಸಂಬಳವೆಷ್ಟೆಂದು ಕೇಳುವ ಜೊತೆಗೆ ಇನ್ನೆರಡು ಮಾತು ಕೇಳಿರಿ: ಲೈಸೆನ್ಸು ಯಾರ ಹೆಸರಿನಲ್ಲಿದೆ? ಕಲಿಸಿದವರು ಯಾರು? ಕೇಳುವುದಕ್ಕೆ ಸಂಕೋಚವಾದರೆ ಬೆಂಚಿನ ಮೇಲೆ ಕುಳಿತ ಮುದುಕರನ್ನು ನೆನೆಯಿರಿ. ಸ್ಟೂಲಿನ ಮೇಲೆ ಕುಳಿತ ಹುಡುಗನನ್ನೂ, ಊರಿನಲ್ಲಿರುವ ಅವನ ತಾಯಿಯನ್ನೂ ನೆನೆಯಿರಿ.