ಶೇಕಡಾ 15ರ ಕೂಗು

ಮೊಬೈಲಿನ ಹೊಟ್ಟೆ ಬರಿದಾಗುವುದರ ಬಗ್ಗೆ ನನ್ನ ತಕರಾರೇನೂ ಇಲ್ಲ. ತುಂಬಿದ್ದು ಬರಿದಾಗಲೇಬೇಕು. ನಮ್ಮ ಕಲಬುರಗಿ ಸೀಮೆಯ ಅಮರ್ಜಾ ಹೊಳೆಯೂ ಬೇಸಿಗೆ ಬಂದರೆ ಸೊರಗುತ್ತದೆ, ಅದಕ್ಕಾಗಿ ಯಾರೂ ಅದನ್ನು ಬೈಯುವುದಿಲ್ಲ. ನನ್ನ ತಕರಾರು ಇರುವುದು ಫೋನು ತನ್ನ ಹಸಿವನ್ನು ಸಾರುವ ರೀತಿಯ ಮೇಲೆ. ಓದುತ್ತಿರುವ ಸಾಲಿನ ಮೇಲೆ, ನೋಡುತ್ತಿರುವ ಮುಖದ ಮೇಲೆ, ಅರ್ಧ ಬರೆದ ಮಾತಿನ ಮೇಲೆ ಧೊಪ್ಪನೆ ಬಂದು ಕೂರುತ್ತದಲ್ಲ ಒಂದು ಚೌಕ, ಅದರ ಮೇಲೆ. ಕೆಲವು ಫೋನುಗಳಲ್ಲಿ ಅದು ಚಾರ್ಜು ಶೇಕಡಾ 20ಕ್ಕೆ ಇಳಿದಾಗ ಬಂದು, ಸಾಲದೆಂದು 10ಕ್ಕೆ ಮತ್ತೆ ಬರುತ್ತದೆ. ಹಲವು ಆಂಡ್ರಾಯ್ಡ್ ಫೋನುಗಳಲ್ಲಿ 15ಕ್ಕೆ. ಕೆಲವು ಫೋನುಗಳಲ್ಲಿ ಬಂದದ್ದು ತಾನಾಗಿ ಹೋಗುವುದೂ ಇಲ್ಲ. 'ಸರಿ' ಎಂಬಲ್ಲಿ ನಾವು ಬೆರಳು ಒತ್ತಬೇಕು. ಒತ್ತಿದರೆ ಒಂದು ತೊಟ್ಟು ಚಾರ್ಜು ಹೆಚ್ಚಾಗುತ್ತದೆಯೇ? ಇಲ್ಲ. ಯಾವುದಕ್ಕೆ ಸರಿ ಎಂದೆವೆಂದು ನಮಗೂ ತಿಳಿಯದು.

ಕಲಬುರಗಿಯಿಂದ ಅಫಜಲಪುರಕ್ಕೆ ಹೋಗುವ ದಾರಿಯಲ್ಲಿ ಚೌಡಾಪುರ ಕ್ರಾಸ್ ಸಿಗುತ್ತದೆ. ದೇವಲ ಗಾಣಗಾಪುರದ ದತ್ತನ ದರ್ಶನಕ್ಕೆ ಹೋಗುವವರು ಹೊರಳುವುದು ಇಲ್ಲೇ. ಬ್ಯಾಟರಿಯ ಗೋಳನ್ನು ನಿಂತು ನೋಡಬೇಕೆಂದರೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಮಹಾರಾಷ್ಟ್ರದ ಕಡೆಯಿಂದ ರಾತ್ರಿಯೆಲ್ಲ ಪ್ರಯಾಣ ಮಾಡಿ ಬಂದವರು, ದಾರಿಯುದ್ದಕ್ಕೂ ಹಾಡು ಕೇಳಿ, ಹೊಲ ಕಂಡಲ್ಲಿ ಫೋಟೊ ಹಿಡಿದು, ಬಸ್ಸಿನಿಂದಲೋ ಟಂಟಂನಿಂದಲೋ ಇಳಿಯುವ ಹೊತ್ತಿಗೆ ಅವರ ಫೋನುಗಳೆಲ್ಲ ಕೆಂಪಗೆ ಕಣ್ಣು ಬಿಡುತ್ತಿರುತ್ತವೆ. ಚಾದ ಹೋಟೆಲಿನ ಗಲ್ಲಾದ ಹಿಂದೆ ಒಂದು ಬೋರ್ಡು, ಅದರಿಂದ ಇಳಿಬಿದ್ದ ನಾಲ್ಕಾರು ವಾಯರುಗಳು.

"ಅಣ್ಣಾ, ಜರಾ ಚಾರ್ಜಿಂಗ್ ಹಚ್ರಿ."

"ಸಿ ಪಿನ್ ಅದ ಏನ್ರಿ, ಸಣ್ಣದದ?"

ಇಷ್ಟೇ ಮಾತು. ಬಿಸ್ಕೀಟಿನ ಭರಣಿಗಳ ಪಕ್ಕದಲ್ಲಿ, ಚಾದ ಲೋಟ ಇಟ್ಟು ಇಟ್ಟು ಉಂಗುರ ಮೂಡಿದ ಹಲಗೆಯ ಮೇಲೆ, ಯಾರ್ಯಾರದೋ ಫೋನುಗಳು ಸಾಲಾಗಿ ಮಲಗುತ್ತವೆ. ಒಂದರ ಗಾಜು ಒಡೆದು ಜೇಡನ ಬಲೆಯಾಗಿದೆ. ಒಂದರ ಕವರಿನ ಹಿಂದೆ ದತ್ತನ ಚಿತ್ರ, ಇನ್ನೊಂದರ ಕವರಿನಲ್ಲಿ ಮಡಿಚಿಟ್ಟ ನೂರರ ನೋಟು. ಆಗ ಲೈಟ್ ಹೋಗುತ್ತದೆ. ಹೋದ ಆ ಕ್ಷಣದಲ್ಲಿ ಹಲಗೆಯ ಮೇಲಿನ ಫೋನುಗಳು ಒಮ್ಮೆಲೇ ಮುಖ ಬೆಳಗಿಸಿ ಟುಂಯ್ ಎನ್ನುತ್ತವೆ. ಹೋಟೆಲಿನವನು ತಲೆ ಎತ್ತದೆ, ಚಾ ಸೋಸುತ್ತಲೇ, "ಲೈಟ್ ಹೋಯ್ತ್ ನೋಡ್ರಿ" ಎನ್ನುತ್ತಾನೆ. ಫ್ಯಾನು ನಿಂತಿದೆ, ರೇಡಿಯೊ ನಿಂತಿದೆ, ಬೆವರು ಇಳಿಯತೊಡಗಿದೆ. ಲೈಟ್ ಹೋದದ್ದು ಗೊತ್ತಾಗದವರು ಅಲ್ಲಿ ಯಾರೂ ಇಲ್ಲ. ಆದರೂ ಪ್ರತಿಯೊಂದು ಫೋನಿಗೂ ಅದನ್ನು ತಾನೇ ಹೇಳಬೇಕೆಂಬ ಹಟ.

ನಾನು ಹಳೆಯ ಕಂದೀಲನ್ನು ನೆನೆಯುವುದು ಇಂಥ ಹೊತ್ತಿನಲ್ಲೇ. ಚಿಮಣಿ ಎಣ್ಣೆ ತೀರುತ್ತ ಬಂದರೆ ಕಂದೀಲು ಯಾರನ್ನೂ ಕರೆಯುತ್ತಿರಲಿಲ್ಲ. ಹಳದಿ ಇದ್ದ ಕುಡಿ ನಿಧಾನವಾಗಿ ಕೆಂಪಾಗುತ್ತಿತ್ತು, ಗಾಜಿನ ಒಂದು ಮಗ್ಗುಲು ಮಸಿ ಹಿಡಿಯುತ್ತಿತ್ತು, ಸುಟ್ಟ ಬತ್ತಿಯ ವಾಸನೆ ಪಡಸಾಲೆಗೆಲ್ಲ ಹರಡುತ್ತಿತ್ತು. ಮುತ್ಯಾ ಹೇಳುತ್ತಿದ್ದ ಕಥೆ ಕಥೆಯ ಪಾಡಿಗೆ ನಡೆದಿರುತ್ತಿತ್ತು. ನಡುವೆಯೇ ಯಾರೋ ಒಬ್ಬರು "ಎಣ್ಣಿ ಮುಗಿಲತ್ತದ" ಎಂದು ಎದ್ದು, ಕಂದೀಲನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿ, ಒಳಗಿನ ಕುಲುಕಾಟ ಕೇಳಿ, ಇನ್ನೂ ನಡೆದೀತೆಂದು ಬತ್ತಿ ಇಳಿಸಿ ಮತ್ತೆ ಕೂರುತ್ತಿದ್ದರು. ತೀರುತ್ತಿದೆ ಎಂಬ ಸುದ್ದಿ ಬೆಳಕಿನ ಒಳಗೇ ಇತ್ತು. ಬೆಳಕನ್ನು ತಡೆದು ನಿಲ್ಲಿಸಿ ಹೇಳುವ ಸುದ್ದಿ ಆಗಿರಲಿಲ್ಲ ಅದು. ಆ ಕಾಲವೇ ಚೆಂದವಿತ್ತೆಂದು ನಾನು ಹೇಳುವವನಲ್ಲ. ಆ ಮಸಿ, ಆ ಹೊಗೆ, ಕಣ್ಣುರಿ ಯಾರಿಗೂ ಬೇಡ. ಅದರ ಮರ್ಯಾದೆಯಷ್ಟೇ ನನಗೆ ಬೇಕಾದದ್ದು.

ಬ್ಯಾಟರಿಯ ಕಥೆಯಾದರೂ ಬಹಳ ಮರ್ಯಾದೆಯ ಕಥೆಯೇ. 1970ರ ದಶಕದಲ್ಲಿ ವಿಜ್ಞಾನಿ ವಿಟಿಂಗ್‌ಹ್ಯಾಮ್ ಶುರು ಮಾಡಿದ ಲಿಥಿಯಂ ಬ್ಯಾಟರಿಯನ್ನು 1980ರಲ್ಲಿ ಗುಡ್‌ಇನಫ್ ಕೋಬಾಲ್ಟ್ ಆಕ್ಸೈಡ್ ಸೇರಿಸಿ ಬಲಪಡಿಸಿದರು. ಜಪಾನಿನ ಯೋಶಿನೊ 1985ರಲ್ಲಿ ಅದನ್ನು ಕೈಗೆ ಸಿಗುವ ಕೋಶವಾಗಿಸಿದರು. 1991ರಲ್ಲಿ ಸೋನಿ ಕಂಪನಿ ಲಿಥಿಯಂ ಅಯಾನ್ ಬ್ಯಾಟರಿಯನ್ನು ಮಾರಾಟಕ್ಕೆ ತಂದಿತು. ಮೂವರಿಗೂ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂದಾಗ ಗುಡ್‌ಇನಫ್ ಅವರಿಗೆ 97 ವರ್ಷ. ಅಷ್ಟು ವಯಸ್ಸಿನಲ್ಲಿ ನೊಬೆಲ್ ಪಡೆದವರು ಇನ್ನೊಬ್ಬರಿಲ್ಲ. ನೂರು ತುಂಬಿಸಿಯೇ 2023ರಲ್ಲಿ ತೀರಿಕೊಂಡರು. ತೊಂಬತ್ತು ದಾಟಿದ ಮೇಲೂ ಪ್ರಯೋಗಾಲಯಕ್ಕೆ ಹೋಗುತ್ತಿದ್ದ ಆ ಹಿರಿಯರನ್ನು ನೆನೆದಾಗೆಲ್ಲ ನನಗೆ ಅನ್ನಿಸುವುದುಂಟು: ಉಳಿದದ್ದು ಎಷ್ಟೆಂದು ಅವರಿಗೆ ಯಾರೂ ಚೌಕ ತೋರಿಸಿ ಗಾಬರಿಪಡಿಸಲಿಲ್ಲ, ಅದು ಲೋಕದ ಪುಣ್ಯ.

ಇನ್ನು ಆ 15 ಎಂಬ ಅಂಕೆಯೂ ಅಂದಾಜೇ. ಫೋನಿನೊಳಗೆ ಕಡ್ಡಿ ಇಳಿಬಿಟ್ಟು ಅಳೆಯುವ ಹಾಗಿಲ್ಲ. ಒಳಹೋದ ಕರೆಂಟೆಷ್ಟು, ಹೊರಬಂದದ್ದೆಷ್ಟು ಎಂದು ಲೆಕ್ಕವಿಟ್ಟು, ವೋಲ್ಟೇಜು ನೋಡಿ, ಫೋನು ಒಂದು ಸಂಖ್ಯೆ ಹೇಳುತ್ತದೆ. ತುಂಬಿದ ಕೋಶದ ವೋಲ್ಟೇಜು ಸುಮಾರು 4.2, ಮೂರರ ಆಸುಪಾಸಿಗೆ ಬಂದರೆ ಆಟ ಮುಗಿಯಿತು. ನಡುವೆ ಬಹಳ ಹೊತ್ತು ಹೆಚ್ಚೇನೂ ಬದಲಾಗದೆ, ಕೊನೆಗೆ ಸರ್ರನೆ ಜಾರುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಸೀಮೆಯ ಬಿಸಿಲು ಬ್ಯಾಟರಿಯನ್ನು ಬೇಗ ಮುದಿಯಾಗಿಸುತ್ತದೆ. ಮುದಿ ಬ್ಯಾಟರಿ 15 ಎಂದು ಹೇಳುತ್ತಲೇ ಕಣ್ಣು ಮುಚ್ಚುವುದೂ ಉಂಟು. ಭೀಮಾ ದಂಡೆಯ ಹೊಲಗಳಲ್ಲಿ ಸಿಗ್ನಲ್ ಸೊರಗಿದ ಕಡೆ ಫೋನು ದೂರದ ಟವರಿಗೆ ಜೋರಾಗಿ ಕೂಗಬೇಕಾಗುತ್ತದೆ, ಹಾಗಾಗಿ ಇನ್ನೂ ಬೇಗ ದಣಿಯುತ್ತದೆ. ದಣಿದೆನೆಂದು ಹೇಳಲು ಮತ್ತೆ ಪರದೆ ಬೆಳಗಿಸುತ್ತದೆ. ಇರುವ ಚಾರ್ಜನ್ನು ಎಲ್ಲಕ್ಕಿಂತ ಹೆಚ್ಚು ನುಂಗುವ ಭಾಗಗಳಲ್ಲಿ ಪರದೆಯೂ ಒಂದು!

ಹಾಗಿದ್ದರೆ 15 ಎಂದರೆ ಬಡತನವೇ? ಈಗಿನ ಹಲವು ಫೋನುಗಳ ಬ್ಯಾಟರಿ 5000 ಮಿಲಿ ಆಂಪಿಯರ್ ಅವರ್. ಅದರ ಶೇಕಡಾ 15 ಎಂದರೆ 750. ಇಪ್ಪತ್ತು ವರ್ಷದ ಹಿಂದೆ ಊರೂರಿಗೆ ಟಾರ್ಚಿನ ಸಮೇತ ಬಂದ ನೋಕಿಯಾ 1100 ನೆನಪಿದೆಯಲ್ಲ, ಅದರ ಇಡೀ ಬ್ಯಾಟರಿ ಇದ್ದದ್ದೇ 850. ಅಷ್ಟರಲ್ಲೇ ಅದು ದಿನಗಟ್ಟಲೆ ಬಾಳುತ್ತಿತ್ತು. ಹೆಚ್ಚುಕಡಿಮೆ ಒಂದು ನೋಕಿಯಾ ತುಂಬ ಚಾರ್ಜು ಇಟ್ಟುಕೊಂಡು ನಾವು ಚಾರ್ಜಿನ ಚಿಂತೆಯಲ್ಲಿ ಗೋಡೆ ಗೋಡೆಯ ಬುಡದಲ್ಲಿ ಪ್ಲಗ್ಗಿನ ತೂತು ಹುಡುಕುತ್ತೇವೆ.

ರೈತರದು ಬೇರೆಯೇ ಸಂಕಟ. ಪಂಪ್‌ಸೆಟ್ಟಿಗೆ ತ್ರೀಫೇಸ್ ಬರುವುದು ದಿನಕ್ಕೆ 7 ಗಂಟೆ, ಅದರಲ್ಲೂ ಹಲವೆಡೆ ರಾತ್ರಿಯ ಪಾಳಿ ಇರುತ್ತದೆ. ಪಂಪನ್ನು ಫೋನಿನಿಂದಲೇ ನಡೆಸುವ, ಸಿಮ್ ಹಾಕಿದ ಮೊಬೈಲ್ ಸ್ಟಾರ್ಟರ್ ಇರುವವರು ಕರೆಂಟ್ ಬಂದ ಸುದ್ದಿಗಾಗಿ ಫೋನನ್ನು ತಲೆದಿಂಬಿನ ಬುಡದಲ್ಲಿಟ್ಟು ಮಲಗುತ್ತಾರೆ. ನಡುರಾತ್ರಿ ಟುಂಯ್ ಎಂದಿತೆಂದು ಎದ್ದು ಕೂತರೆ, ಅದು ತ್ರೀಫೇಸಿನ ಸುದ್ದಿಯಲ್ಲ, ಬ್ಯಾಟರಿಯ ಅಳು. ಹೋದ ನಿದ್ದೆಯನ್ನು ಯಾವ ಚಾರ್ಜರಿಗೆ ಹಚ್ಚುವುದು?

ಗಾಣಗಾಪುರದಲ್ಲಿ, ಭೀಮಾ ಅಮರ್ಜಾ ಕೂಡುವ ಸಂಗಮದ ಹತ್ತಿರ, ಔದುಂಬರ ಮರದ ನೆರಳಲ್ಲಿ ಕೂತು ಗುರುಚರಿತ್ರೆಯ ಪಾರಾಯಣ ಮಾಡುವವರನ್ನು ನೋಡಿ. ಏಳು ದಿನದ ಸಪ್ತಾಹ. ಅಧ್ಯಾಯದ ನಡುವೆ ಮಾತಾಡಬಾರದು, ಏಳಬಾರದು. ಪುಸ್ತಕ ಹಿಡಿದವರಿಗೆ ತೊಂದರೆಯಿಲ್ಲ. ಅಕ್ಷರ ದೊಡ್ಡದಾಗಿ ಕಾಣಲೆಂದು ಮೊಬೈಲಿನಲ್ಲಿ ಓದುವ ಹಿರಿಯರಿಗೆ ಮಾತ್ರ, ಓವಿ ಪದ್ಯದ ಸರಿಯಾಗಿ ಮಧ್ಯದಲ್ಲಿ ಆ ಚೌಕ ಬಂದು ಬೀಳುತ್ತದೆ. ತುಟಿ ನಿಲ್ಲುವಂತಿಲ್ಲ, ಮುಂದಿನ ಸಾಲು ಕಾಣುವುದಿಲ್ಲ. ಕಂಠಪಾಠ ಇದ್ದಷ್ಟು ದೂರ ಬಾಯಿ ನಡೆಯುತ್ತಿರುವಾಗ ಬೆರಳು ಗಾಬರಿಯಲ್ಲಿ 'ಸರಿ'ಯನ್ನು ತಡಕಾಡುತ್ತದೆ.

ನನಗೆ ಎಲ್ಲಕ್ಕಿಂತ ಹೆಚ್ಚು ನೋವಾಗುವುದು ಮಾತಿನ ನಡುವೆ ಬರುವ ಟುಂಯ್‌ಗೆ. ನಮ್ಮ ಕಡೆಯ ಮನೆಗಳ ಮಕ್ಕಳು ಪುಣೆ, ಮುಂಬಯಿ, ಬೆಂಗಳೂರಿನಲ್ಲಿ ದುಡಿಯುತ್ತಾರೆ. ಸಂಜೆಗೆ ಅವ್ವನಿಗೆ ಫೋನ್. "ಊಟ ಮಾಡ್ದೇನಪ?" "ಹೂಂ ಅವ್ವ, ನೀ?" "ಮತ್ತ?" "ಮತ್ತೇನಿಲ್ಲ." ಇಷ್ಟಾದ ಮೇಲೆ ಇಬ್ಬರೂ ಸುಮ್ಮನಿರುತ್ತಾರೆ. ಉಸಿರು ಕೇಳಿಸುತ್ತದೆ, ಆಚೆ ಕುಕ್ಕರಿನ ಸೀಟಿ, ಈಚೆ ಎಮ್ಮೆಯ ಕೂಗು. ಆ ಸುಮ್ಮನಿರುವಿಕೆ ಮಾಗಿದ ಮೇಲಷ್ಟೇ ಅವ್ವ ನಿಜವಾದದ್ದನ್ನು ಹೇಳುತ್ತಾಳೆ: "ಮೊಣಕಾಲ್ ಭಾಳ ನೋಯ್ಲತ್ತದಪ." ಆ ಮಾತು ಬರುವುದಕ್ಕೆ ಮೊದಲೇ ಕಿವಿಯೊಳಗೆ ಟುಂಯ್ ಎಂದರೆ? "ಅವ್ವಾ, ಬ್ಯಾಟರಿ ಲೋ ಆಗ್ಯಾದ, ಇಡ್ತೀನಿ." ಮೊಣಕಾಲಿನ ಸುದ್ದಿ ನಾಳೆಗೆ ಹೋಯಿತು. ನಾಳೆ ಅವಳಿಗೆ ಅದನ್ನು ಹೇಳುವ ಮನಸ್ಸಿರುತ್ತದೆಂದು ಯಾರು ಬಲ್ಲರು?

ಫೋನು ತಯಾರಿಸುವವರಲ್ಲಿ ನನ್ನ ಬೇಡಿಕೆ ಬಹಳ ಸಣ್ಣದು. ಮೂಲೆಯಲ್ಲಿರುವ ಪುಟ್ಟ ಬ್ಯಾಟರಿಯ ಬಣ್ಣ ಬದಲಾಗಲಿ, ಸಾಕು. ನೋಡಬೇಕಾದವರು ನೋಡಿಕೊಳ್ಳುತ್ತೇವೆ. ಓದುವಾಗ ಚೌಕ ಬೇಡ, ಮಲಗಿದಾಗ ಸದ್ದು ಬೇಡ, ಮಾತಾಡುವಾಗ ಕಿವಿಗೆ ಏನೂ ಬೇಡ. ಬೇಕೆಂದವರು ಕೇಳಿ ಹಾಕಿಸಿಕೊಳ್ಳಲಿ. ಓದುಗರೇ, ಫೋನು ತಯಾರಿಸುವವರು ನನ್ನ ಮಾತು ಕೇಳುವ ತನಕ ನಿಮ್ಮಲ್ಲೂ ಒಂದು ಮಾತು: ಅವ್ವನ ಜೊತೆ ಮಾತಾಡುವಾಗ ಅದು ಕೂಗಿದರೆ ಫೋನ್ ಇಡಬೇಡಿ. 15ರಲ್ಲಿ ಇನ್ನೂ ಬಹಳ ಮಾತು ಹಿಡಿಯುತ್ತದೆ.