ಬೇಗೂರಿನ ಕಲ್ಲಿನ ಮುಂದೆ ಎಂಟನೇ ತರಗತಿ

ಬಿ.ಇಡಿ. ಶಾಲಾ ಇಂಟರ್ನ್‌ಶಿಪ್‌ಗೆಂದು ನನಗೆ ಸಿಕ್ಕಿದ್ದು ಬೆಂಗಳೂರಿನ ಹೊಸೂರು ರಸ್ತೆಗೆ ಸಮೀಪದ ಒಂದು ಸರ್ಕಾರಿ ಪ್ರೌಢಶಾಲೆ. ನನ್ನ ಬೋಧನಾ ವಿಷಯಗಳು ಸಮಾಜ ವಿಜ್ಞಾನ ಮತ್ತು ಕನ್ನಡ. ಎಂಟನೇ ತರಗತಿಯಲ್ಲಿ 41 ಮಕ್ಕಳಿದ್ದರು. ಅರ್ಧಕ್ಕಿಂತ ಹೆಚ್ಚು ಮಕ್ಕಳ ತಂದೆತಾಯಿ ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು. ಉಳಿದವರಲ್ಲಿ ಮನೆಯಲ್ಲಿ ತಮಿಳು, ತೆಲುಗು, ಉರ್ದು ಮಾತನಾಡುವವರೂ ಇದ್ದರು. "ನಿಮ್ಮೂರು ಯಾವುದು?" ಎಂದು ಕೇಳಿದರೆ ಈ ನಗರದಲ್ಲೇ ಹುಟ್ಟಿದ ಮಗು ಕೂಡ ತಾನು ವರ್ಷಕ್ಕೊಮ್ಮೆ ಜಾತ್ರೆಗೆ ಹೋಗುವ ಹಳ್ಳಿಯ ಹೆಸರನ್ನು ಹೇಳುತ್ತಿತ್ತು. ಬೆಂಗಳೂರು ಎಂದು ಹೇಳಿದವರು ನಾಲ್ಕೈದು ಮಂದಿ ಮಾತ್ರ.

ಡಿಸೆಂಬರಿನಲ್ಲಿ ಶಾಲಾ ಪ್ರವಾಸದ ಮಾತು ಬಂತು. ನೀರಾಟದ ಒಂದು ಮನರಂಜನಾ ಪಾರ್ಕಿಗೆ ಒಂದು ದಿನ, ತಲೆಗೆ 950 ರೂಪಾಯಿ. ನಮ್ಮ ತರಗತಿಯಿಂದ ಹೆಸರು ಕೊಟ್ಟವರು 14 ಮಕ್ಕಳು. ನನ್ನ ಮಾರ್ಗದರ್ಶಿ ಶಿಕ್ಷಕಿ ಆ ಪಟ್ಟಿಯನ್ನು ನನ್ನ ಮುಂದಿಟ್ಟು, "ಉಳಿದ 27 ಮಕ್ಕಳಿಗೆ ನಾವೇನು ಕೊಡ್ತೀವಿ? ನೀವೇ ಒಂದು ಯೋಜನೆ ಮಾಡಿ, ನೋಡೋಣ" ಎಂದರು. ಎಲ್ಲ ಮಕ್ಕಳೂ ಬರಲು ಸಾಧ್ಯವಿರುವ, ಪಾಠಕ್ಕೂ ಸೇರುವ ಒಂದು ಹೊರಸಂಚಾರವನ್ನು ಹೇಗೆ ರೂಪಿಸಿದೆವು, ಅದರಿಂದ ಏನು ಸಿಕ್ಕಿತು ಎಂಬುದನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಸ್ಥಳದ ಆಯ್ಕೆ

ಬೆಂಗಳೂರಿನ ಒಳಗೂ ಸುತ್ತಲೂ ಒಂದು ದಿನದಲ್ಲಿ ಹೋಗಿಬರಬಹುದಾದ ಸ್ಥಳಗಳಿಗೆ ಬರವಿಲ್ಲ. ವಿಜ್ಞಾನಕ್ಕೆ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ ಮತ್ತು ನೆಹರು ತಾರಾಲಯ ಇವೆ. ಅದೇ ಕಸ್ತೂರಬಾ ರಸ್ತೆಯಲ್ಲಿ 1865ರಲ್ಲಿ ಆರಂಭವಾದ ಸರ್ಕಾರಿ ವಸ್ತುಸಂಗ್ರಹಾಲಯವಿದೆ. ಭೂಗೋಳಕ್ಕೆ ಲಾಲ್‌ಬಾಗಿನ ಬಂಡೆಯೇ ಸಾಕು. ಸುಮಾರು 300 ಕೋಟಿ ವರ್ಷ ಹಳೆಯ ಶಿಲೆಯ ಮೇಲೆ ನಿಂತು ಮಾಡುವ ಪಾಠ ಬೇರೆಲ್ಲೂ ಸಿಗುವುದಿಲ್ಲ. ಜನಪದ ಸಂಸ್ಕೃತಿಗೆ ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕ, ಅಲ್ಲಿಂದ ಸ್ವಲ್ಪ ಮುಂದೆ ಮರದ ಬೊಂಬೆಗಳ ಚನ್ನಪಟ್ಟಣ ಇವೆ. ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಸೇರುವ ಕಡಲೆಕಾಯಿ ಪರಿಷೆ ಅರ್ಥಶಾಸ್ತ್ರದ ಪಾಠವೂ ಆಗಬಲ್ಲದು: ರೈತ, ಸಗಟು ವ್ಯಾಪಾರಿ, ಸೇರಿನಲ್ಲಿ ಅಳೆದು ಮಾರುವ ಹೆಂಗಸು, ಎಲ್ಲರೂ ಒಂದೇ ಬೀದಿಯಲ್ಲಿ ಸಿಗುತ್ತಾರೆ.

ನಾವು ಆಯ್ದುಕೊಂಡದ್ದು ಬೇಗೂರಿನ ನಾಗೇಶ್ವರ ದೇವಾಲಯ. ಮೊದಲ ಕಾರಣ, ಅದು ನಮ್ಮ ಶಾಲೆಗೆ ಹತ್ತಿರ. ಒಂದು ಬಿಎಂಟಿಸಿ ಬಸ್ಸು ಹತ್ತಿದರೆ ಸಾಕು. ಎರಡನೆಯದು, ಎಂಟನೇ ತರಗತಿಯ ಇತಿಹಾಸದಲ್ಲಿ 'ಆಧಾರಗಳು' ಎಂಬ ಪಾಠವಿದೆ, ಗಂಗರ ಪಾಠವೂ ಇದೆ. ಬೇಗೂರು ಗಂಗರ ಕಾಲದ ಊರು. ದೇವಾಲಯದ ಆವರಣದಲ್ಲಿ ಸುಮಾರು ಕ್ರಿ.ಶ. 890ರ ಒಂದು ಶಾಸನವಿದೆ. ಬೆಂಗಳೂರಿನ ಕಾಳಗದಲ್ಲಿ ನಾಗತ್ತರನೆಂಬ ನಾಯಕನ ಕಡೆಯ ಬುಟ್ಟಣ ಎಂಬಾತ ಸತ್ತ ಸಂಗತಿ ಅದರಲ್ಲಿದೆ. 'ಬೆಂಗಳೂರು' ಎಂಬ ಹೆಸರು ಬರುವ ಪ್ರಾಚೀನ ಶಾಸನವೆಂದು ಅದಕ್ಕೆ ಮಹತ್ವ.

ಪೂರ್ವಸಿದ್ಧತೆ

ಹೊರಡುವ ಮೊದಲು ಎರಡು ಅವಧಿಗಳನ್ನು ತರಗತಿಯಲ್ಲೇ ತೆಗೆದುಕೊಂಡೆ. ಮೊದಲ ಅವಧಿಯಲ್ಲಿ ಕರಿಹಲಗೆಯ ಮೇಲೆ ಒಂದೇ ಪ್ರಶ್ನೆ ಬರೆದೆ: "ಬೆಂಗಳೂರು ಎಷ್ಟು ಹಳೆಯದು? ನಿನಗೆ ಹೇಗೆ ಗೊತ್ತು?" ಬಹಳ ಮಕ್ಕಳು "1537ರಲ್ಲಿ ಕೆಂಪೇಗೌಡರು ಕಟ್ಟಿದರು" ಎಂದು ಬರೆದರು. ಹೇಗೆ ಗೊತ್ತು ಎಂಬ ಭಾಗಕ್ಕೆ "ಪುಸ್ತಕದಲ್ಲಿದೆ", "ಮೊಬೈಲ್‌ನಲ್ಲಿ ನೋಡಿದೆ", "ಸರ್ ಹೇಳಿದ್ರು" ಎಂಬ ಉತ್ತರಗಳು ಬಂದವು. ಆಗ ಮುಂದಿನ ಪ್ರಶ್ನೆ ಕೊಟ್ಟೆ: "ಕೆಂಪೇಗೌಡರು 1537ರಲ್ಲಿ ಊರು ಕಟ್ಟಿದ್ದಾದರೆ, ಅದಕ್ಕೂ 647 ವರ್ಷ ಮೊದಲು ಬೆಂಗಳೂರಿನಲ್ಲಿ ಕಾಳಗ ಹೇಗೆ ನಡೆಯಿತು?" ಈ ಪ್ರಶ್ನೆಗೆ ನಾನು ಉತ್ತರ ಹೇಳಲಿಲ್ಲ. ಅದನ್ನು ಹೊತ್ತುಕೊಂಡೇ ಬೇಗೂರಿಗೆ ಹೋಗಬೇಕು ಎಂದೆ.

ಎರಡನೆಯ ಅವಧಿ ಕನ್ನಡದ್ದು. 2018ರಲ್ಲಿ ಹೆಬ್ಬಾಳದಲ್ಲಿ ಸಿಕ್ಕ, ಸುಮಾರು ಕ್ರಿ.ಶ. 750ರ ಶಾಸನದಲ್ಲಿ ಆ ಪ್ರದೇಶದ ಹೆಸರು 'ಪೆರ್ಬೊಳಲ್ ನಾಡು' ಎಂದಿದೆ. ಪೆರ್ಬೊಳಲ್ ಹೆಬ್ಬಾಳ ಆದದ್ದು ಹೇಗೆ? ಹಳಗನ್ನಡದ ಪಕಾರ ಮುಂದೆ ಹಕಾರವಾದ ನಿಯಮವನ್ನು ಹೇಳಿ, ಪಾಲ್, ಪೂ, ಪುಲಿ ಎಂಬ ಮೂರು ಪದ ಬರೆದು ಈಗಿನ ರೂಪ ಕೇಳಿದೆ. ಹಾಲು, ಹೂ, ಹುಲಿ ಎಂದು ಉತ್ತರ ಬರುತ್ತಿರುವಾಗಲೇ ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದು ನಿಂತ. "ಮಿಸ್, ನಮ್ಮನೇಲಿ ಈಗ್ಲೂ ಪಾಲ್ ಅಂತೀವಿ, ಪುಲಿ ಅಂತೀವಿ." ಮನೆಯಲ್ಲಿ ತಮಿಳಾಡುವ ಆ ಹುಡುಗ ಅಲ್ಲಿಯವರೆಗೆ ಕನ್ನಡ ಅವಧಿಯಲ್ಲಿ ತಾನಾಗಿ ಮಾತನಾಡಿದ್ದನ್ನು ನಾನು ಕೇಳಿರಲಿಲ್ಲ. ಅಂದು ಉಳಿದವರು ಅವನನ್ನು ಸುತ್ತುವರಿದು "ಇದಕ್ಕೆ ಏನಂತೀರ, ಅದಕ್ಕೆ ಏನಂತೀರ" ಎಂದು ಕೇಳತೊಡಗಿದರು.

ಉಳಿದ ಸಿದ್ಧತೆ ಲೆಕ್ಕಾಚಾರದ್ದು. ಮುಖ್ಯ ಶಿಕ್ಷಕರ ಅನುಮತಿ, ಪೋಷಕರ ಒಪ್ಪಿಗೆ ಪತ್ರ, ದೇವಾಲಯದವರಿಗೆ ಮುಂಚಿತವಾಗಿ ತಿಳಿಸಿದ್ದು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ. ಶಕ್ತಿ ಯೋಜನೆಯಿಂದಾಗಿ ಹೆಣ್ಣುಮಕ್ಕಳಿಗೆ ಬಸ್ಸು ಉಚಿತ. ಆಧಾರ್ ಪ್ರತಿ ತರಲು ಹೇಳಿದ್ದೆವು. ಗಂಡುಮಕ್ಕಳ ಟಿಕೆಟ್ ಹಣವನ್ನು ಎಸ್‌ಡಿಎಂಸಿ ಅಧ್ಯಕ್ಷರು ಕೊಟ್ಟರು. ಊಟದ ಬುತ್ತಿ ಮನೆಯಿಂದಲೇ. ನನ್ನ ಜೊತೆ ಮಾರ್ಗದರ್ಶಿ ಶಿಕ್ಷಕಿ, ಇನ್ನೊಬ್ಬ ಪ್ರಶಿಕ್ಷಣಾರ್ಥಿ ಮತ್ತು ಇಬ್ಬರು ತಾಯಂದಿರು ಬಂದರು. 41 ಮಕ್ಕಳಲ್ಲಿ ಹೊರಟವರು 38. ಹಣವಿಲ್ಲವೆಂದು ಯಾರೂ ಉಳಿಯಲಿಲ್ಲ. ಒಬ್ಬಳಿಗೆ ಜ್ವರ, ಒಬ್ಬಳು ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿದಳು, ಒಬ್ಬ ಶನಿವಾರವೆಂದು ತಂದೆಯ ಜೊತೆ ಗಾರೆ ಕೆಲಸಕ್ಕೆ ಹೋಗಿದ್ದ.

ಕಲ್ಲಿನ ಮುಂದೆ

ಮಕ್ಕಳನ್ನು ಆರು ಗುಂಪು ಮಾಡಿ ಒಂದೊಂದು ಗುಂಪಿಗೂ ಒಂದೊಂದು ಕೆಲಸ ಕೊಟ್ಟಿದ್ದೆ. ಒಂದು ಗುಂಪು ಶಾಸನದ ಕಲ್ಲಿನ ಚಿತ್ರ ಬರೆಯುವುದು, ಒಂದು ಗುಂಪು ಅಕ್ಷರಗಳನ್ನು ಗಮನಿಸುವುದು, ಎರಡು ಗುಂಪು ಆವರಣದ ವೀರಗಲ್ಲುಗಳನ್ನು ನೋಡುವುದು, ಒಂದು ಗುಂಪು ಹಿರಿಯರನ್ನು ಮಾತನಾಡಿಸುವುದು, ಒಂದು ಗುಂಪು ದೇವಾಲಯದ ನಕ್ಷೆ ತಯಾರಿಸುವುದು. ಕಲ್ಲನ್ನು ಮುಟ್ಟಬಾರದು, ಸೀಮೆಸುಣ್ಣ ಉಜ್ಜಬಾರದು ಎಂಬ ನಿಯಮವನ್ನು ಮೊದಲೇ ಹೇಳಿದ್ದೆ.

ಅಕ್ಷರದ ಗುಂಪಿಗೆ ಮೊದಲು ಏನೂ ಕಾಣಲಿಲ್ಲ. "ಸವೆದುಹೋಗಿದೆ ಮಿಸ್" ಎಂದರು. ಮೊಬೈಲಿನ ಟಾರ್ಚನ್ನು ಕೊಟ್ಟು, ಬೇರೆ ಬೇರೆ ಕಡೆಯಿಂದ ಬೆಳಕು ಬಿಟ್ಟು ನೋಡಿ ಎಂದೆ. ನೇರವಾಗಿ ಹಿಡಿದರೆ ಕಲ್ಲು ಬರಿದಾಗಿ ಕಂಡಿತು. ಒಬ್ಬಳು ಪಕ್ಕದಿಂದ ಓರೆಯಾಗಿ ಹಿಡಿದಾಗ ಕೊರೆದ ಗೀಟುಗಳೊಳಗೆ ನೆರಳು ಬಿದ್ದು ಅಕ್ಷರಗಳು ಎದ್ದು ಬಂದವು. ಶಾಸನ ಓದುವವರು ಬಳಸುವ ಉಪಾಯವೇ ಅದು. ಅದನ್ನು ನಾನು ಹೇಳಿಕೊಟ್ಟಿದ್ದರೆ ಒಂದು ನಿಮಿಷದ ಮಾಹಿತಿಯಾಗುತ್ತಿತ್ತು. ಅವರೇ ಕಂಡುಕೊಂಡದ್ದರಿಂದ ಉಳಿದ ಐದು ಗುಂಪುಗಳನ್ನೂ ಕರೆದು ತೋರಿಸಿದರು.

ವೀರಗಲ್ಲಿನ ಗುಂಪು ಬಿಲ್ಲು, ಕತ್ತಿ, ಕುದುರೆಗಳನ್ನು ಹುಡುಕಿ ಪಟ್ಟಿ ಮಾಡಿತು. ಸಾಮಾನ್ಯವಾಗಿ ವೀರಗಲ್ಲಿನಲ್ಲಿ ಕೆಳಗೆ ಕಾಳಗ, ನಡುವೆ ವೀರನನ್ನು ಅಪ್ಸರೆಯರು ಕರೆದೊಯ್ಯುವುದು, ಮೇಲೆ ದೇವಲೋಕ ಇರುತ್ತದೆ. ಕೆಳಗಿನಿಂದ ಮೇಲಕ್ಕೆ ಓದಬೇಕು ಎಂದು ಹೇಳಿದಾಗ ಒಬ್ಬ, "ಇದು ಕಾಮಿಕ್ಸ್ ಪುಸ್ತಕದ ಉಲ್ಟಾ" ಎಂದ. ಕಾಳಗದ ಚಿತ್ರಣ ಬಹು ವಿವರವಾಗಿರುವ ಬೇಗೂರಿನ ದೊಡ್ಡ ವೀರಗಲ್ಲು ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ ಎಂದಾಗ, "ನಮ್ಮೂರಿಂದ ಯಾಕೆ ತಗೊಂಡ್ ಹೋದ್ರು?" ಎಂದು ಕೇಳಿದವಳು ದೇವದುರ್ಗ ತಾಲ್ಲೂಕಿನ ಹುಡುಗಿ. ಬೇಗೂರು ಅಷ್ಟು ಹೊತ್ತಿಗೆ ಅವಳಿಗೆ 'ನಮ್ಮೂರು' ಆಗಿತ್ತು.

ಅಜ್ಜಿ ಹೇಳಿದ್ದು ಸುಳ್ಳೇ?

ಹಿರಿಯರನ್ನು ಮಾತನಾಡಿಸಲು ಹೋದ ಗುಂಪಿಗೆ ದೇವಸ್ಥಾನಕ್ಕೆ ಬಂದಿದ್ದ ಒಬ್ಬ ಅಜ್ಜಿ ಸಿಕ್ಕರು. ಬೆಂಗಳೂರಿಗೆ ಆ ಹೆಸರು ಹೇಗೆ ಬಂತೆಂದು ಮಕ್ಕಳು ಕೇಳಿದಾಗ ನಮಗೆಲ್ಲ ಗೊತ್ತಿರುವ ಕಥೆಯನ್ನೇ ಹೇಳಿದರು. "ಬಲ್ಲಾಳರಾಜ ಬೇಟೆಗೆ ಬಂದು ದಾರಿ ತಪ್ಪಿದ್ದ ಕಣ್ರಪ್ಪಾ. ಹಸಿದು ಬಂದೋನಿಗೆ ಒಬ್ಬಳು ಮುದುಕಿ ಬೆಂದ ಕಾಳು ಕೊಟ್ಲು. ಅದಕ್ಕೇ ಬೆಂದಕಾಳೂರು ಅಂತ ಆಯ್ತು."

ಮಧ್ಯಾಹ್ನ ಬುತ್ತಿ ಬಿಚ್ಚಿ ಜೋಳದ ರೊಟ್ಟಿ, ಚಿತ್ರಾನ್ನ ಹಂಚಿಕೊಂಡು ಉಂಡ ಮೇಲೆ ಆ ಗುಂಪು ಕಥೆಯನ್ನು ಎಲ್ಲರಿಗೂ ಹೇಳಿತು. ಇಮ್ಮಡಿ ವೀರಬಲ್ಲಾಳ ಆಳಿದ್ದು 1173ರಿಂದ 1220ರವರೆಗೆ ಎಂದು ಹೇಳಿ, ಶಾಸನದ ಕಾಲದೊಂದಿಗೆ ಹೋಲಿಸಿ ಎಂದೆ. ಮಣ್ಣಿನ ಮೇಲೆ ಕಡ್ಡಿಯಿಂದ ಕಳೆಯುವ ಲೆಕ್ಕ ನಡೆಯಿತು. "ರಾಜ ಹುಟ್ಟೋಕೆ ಮುಂಚೆನೇ ಹೆಸರಿತ್ತು!" ಎಂದು ಒಬ್ಬ ಕೂಗಿದ. ಕೂಡಲೇ ಕಥೆ ಕೇಳಿಸಿಕೊಂಡು ಬಂದಿದ್ದ ಹುಡುಗಿ ಮುಖ ಸಣ್ಣದು ಮಾಡಿಕೊಂಡು, "ಹಂಗಾದ್ರೆ ಅಜ್ಜಿ ಸುಳ್ಳು ಹೇಳಿದ್ರಾ ಮಿಸ್?" ಎಂದು ಕೇಳಿದಳು.

ಇಡೀ ದಿನದಲ್ಲಿ ಬಹಳ ಮುಖ್ಯವಾದ ಪ್ರಶ್ನೆ ಇದೇ ಎಂದು ನನ್ನ ಅನಿಸಿಕೆ. 'ಹೌದು' ಎಂದರೆ ಮನೆಯ ಹಿರಿಯರ ಮಾತಿಗೆಲ್ಲ ಬೆಲೆಯಿಲ್ಲ ಎಂದು ಮಗು ತಿಳಿಯುತ್ತದೆ. 'ಇಲ್ಲ' ಎಂದರೆ ಆಧಾರದ ಪಾಠವೇ ಬಿದ್ದುಹೋಗುತ್ತದೆ. ನಾನು ಪ್ರಶ್ನೆಯನ್ನು ಗುಂಪಿಗೇ ತಿರುಗಿಸಿದೆ: ಕಲ್ಲು ನಮಗೆ ಏನನ್ನು ಹೇಳುತ್ತದೆ, ಕಥೆ ಏನನ್ನು ಹೇಳುತ್ತದೆ? ಕಲ್ಲಿನಿಂದ ಕಾಲ ಗೊತ್ತಾಗುತ್ತದೆ, ಹೆಸರು ಗೊತ್ತಾಗುತ್ತದೆ, ಕಾಳಗ ಗೊತ್ತಾಗುತ್ತದೆ ಎಂದರು. ಕಥೆಯಿಂದ? ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬಳು, "ಕಲ್ಲಲ್ಲಿ ಊಟ ಕೊಟ್ಟ ಅಜ್ಜಿ ಇಲ್ಲ ಮಿಸ್, ಕಥೇಲಿ ಇದಾಳೆ" ಎಂದಳು. ಊರಿನ ಹೆಸರು ಯಾವಾಗಿನಿಂದ ಇದೆ ಎಂದು ತಿಳಿಯಲು ಕಲ್ಲನ್ನು ಕೇಳಬೇಕು. ಊರಿನ ಜನ ಏನನ್ನು ನೆನಪಿಟ್ಟುಕೊಳ್ಳಲು ಬಯಸಿದರು ಎಂದು ತಿಳಿಯಲು ಕಥೆಯನ್ನು ಕೇಳಬೇಕು ಎಂದು ಚರ್ಚೆಯನ್ನು ಅಲ್ಲಿಗೆ ಕಟ್ಟಿದೆ.

ಕೆಂಪೇಗೌಡರ ಪ್ರಶ್ನೆಗೂ ಮಕ್ಕಳೇ ದಾರಿ ಹುಡುಕಿದರು. ಕೆಂಪೇಗೌಡರು ಕಟ್ಟಿದ್ದು ಕೋಟೆ ಮತ್ತು ಪೇಟೆ; ಹೆಸರು ಅದಕ್ಕಿಂತ ಹಳೆಯದಿರಬಹುದು ಎಂದರು. ಕೊಡಿಗೇಹಳ್ಳಿಯ ಬಳಿಯ ಹಳೇಬೆಂಗಳೂರಿನಿಂದ ಆ ಹೆಸರು ಹೊಸ ಪೇಟೆಗೆ ಬಂತೆಂಬ ಅಭಿಪ್ರಾಯವೂ ಇದೆ ಎಂದು ನಾನು ಸೇರಿಸಿದೆ.

ಮೌಲ್ಯಮಾಪನ

ಬರಲಾಗದ ಮೂವರು ಮಕ್ಕಳೇ ಸೋಮವಾರ ನಮ್ಮ ಮೌಲ್ಯಮಾಪನಕ್ಕೆ ನೆರವಾದರು. ಪ್ರತಿ ಗುಂಪೂ ಅವರಿಗೆ ತಾನು ಕಂಡದ್ದನ್ನು ವಿವರಿಸಬೇಕು. ಅವರಿಗೆ ಅರ್ಥವಾಗದಿದ್ದರೆ ಆ ಗುಂಪಿನ ಕೆಲಸ ಮುಗಿದಿಲ್ಲ ಎಂದೆ. ಗಾರೆ ಕೆಲಸಕ್ಕೆ ಹೋಗಿದ್ದ ಹುಡುಗ ಕೇಳಿದ ಪ್ರಶ್ನೆಗಳಿಗೆ ಉತ್ತರಿಸುವುದು ಸುಲಭವಿರಲಿಲ್ಲ. ಅಷ್ಟು ದೊಡ್ಡ ಕಲ್ಲನ್ನು ಎಲ್ಲಿಂದ ತಂದರು, ಕೊರೆದವನಿಗೆ ಕೂಲಿ ಯಾರು ಕೊಟ್ಟರು, ಅವನ ಹೆಸರು ಯಾಕಿಲ್ಲ? ಕಲ್ಲಿನ ಕೆಲಸ ಬಲ್ಲವನ ಮನೆಯಿಂದ ಬಂದ ಪ್ರಶ್ನೆಗಳು ಅವು. ಸ್ಥಳಕ್ಕೆ ಹೋಗಿದ್ದ 38 ಮಂದಿಯಲ್ಲಿ ಯಾರಿಗೂ ಅವು ಹೊಳೆದಿರಲಿಲ್ಲ.

ಮನೆಗೆಲಸವಾಗಿ, ನಿಮ್ಮ ಹಳ್ಳಿಯಲ್ಲಿ ಬರಹವಿರುವ ಅಥವಾ ಚಿತ್ರವಿರುವ ಕಲ್ಲು ಇದೆಯೇ ವಿಚಾರಿಸಿ ಎಂದಿದ್ದೆ. ವಾರದಲ್ಲಿ ಹನ್ನೊಂದು ಮಕ್ಕಳು ಸುದ್ದಿ ತಂದರು. ಸುರಪುರ ಕಡೆಯ ಒಬ್ಬಳ ಚಿಕ್ಕಪ್ಪ ಹನುಮಪ್ಪನ ಗುಡಿಯ ಹಿಂದಿನ ಕಲ್ಲಿನ ಫೋಟೊವನ್ನೇ ಕಳುಹಿಸಿದ್ದರು. ಅದು ವೀರಗಲ್ಲು ಎಂದು ಗುರುತಿಸಿದವಳು ಅವಳೇ. ತಮಿಳಾಡುವ ಹುಡುಗನಿಗೆ ದೊಮ್ಮಲೂರಿನ ಚೊಕ್ಕನಾಥಸ್ವಾಮಿ ದೇವಾಲಯದಲ್ಲಿ ತಮಿಳು ಶಾಸನಗಳಿವೆ ಎಂದು ತಿಳಿಸಿದೆ. ಮುಂದಿನ ಬಾರಿ ಅಲ್ಲಿಗೆ ಹೋಗೋಣ ಎಂದು ಅವನು ಪಟ್ಟು ಹಿಡಿದಿದ್ದಾನೆ.

ಕಾಲೇಜಿನ ಹಿಮ್ಮಾಹಿತಿ ಸಭೆಯಲ್ಲಿ ಸಹಪಾಠಿಯೊಬ್ಬರು, ಮಕ್ಕಳಿಗೆ ಆಟವೂ ಬೇಕಲ್ಲವೇ ಎಂದು ಕೇಳಿದರು. ಖಂಡಿತ ಬೇಕು. ಪಾರ್ಕಿಗೆ ಹೋದ 14 ಮಕ್ಕಳು ಖುಷಿಯಾಗಿಯೇ ಬಂದರು. ಆ ಖುಷಿಗೆ ಯಾವ ಸಮರ್ಥನೆಯೂ ಬೇಡ. ಆದರೆ ಶೈಕ್ಷಣಿಕ ಪ್ರವಾಸ ಎಂದು ಕರೆಯುವುದಾದರೆ ಅದರಲ್ಲಿ ಒಂದು ಪ್ರಶ್ನೆ ಇರಬೇಕು, ತರಗತಿಯ ಕೊನೆಯ ಮಗುವಿಗೂ ಜಾಗವಿರಬೇಕು.

ಮುಂದಿನ ತಂಡದ ಪ್ರಶಿಕ್ಷಣಾರ್ಥಿಗಳಿಗೆ ನನ್ನ ಸಲಹೆ ಇಷ್ಟೇ. ಶಾಲೆಯ ಸುತ್ತ ಒಂದು ಬಸ್ಸಿನ ದೂರದಲ್ಲಿ ಏನಿದೆ ಎಂದು ಮೊದಲು ನೀವೇ ಹೋಗಿ ನೋಡಿ. ಒಂದು ದಿನಕ್ಕೆ ಒಂದೇ ಸ್ಥಳ ಇರಲಿ. ವಸ್ತುಸಂಗ್ರಹಾಲಯವಾದರೆ ವಾರದ ರಜೆ, ದುರಸ್ತಿ ಕೆಲಸಗಳ ಬಗ್ಗೆ ವಿಚಾರಿಸಿಕೊಳ್ಳಿ. ಹೊರಡುವ ಮೊದಲೇ ಪ್ರಶ್ನೆಯನ್ನು ಮಕ್ಕಳ ಕೈಗೆ ಕೊಡಿ, ಉತ್ತರವನ್ನು ನೀವು ಇಟ್ಟುಕೊಳ್ಳಬೇಡಿ, ಹುಡುಕಲು ಬಿಡಿ. ಬರಲಾಗದ ಮಕ್ಕಳಿಗೆ ಮರುದಿನದ ಪಾಠದಲ್ಲಿ ಒಂದು ಕೆಲಸವನ್ನು ಯೋಜನೆಯಲ್ಲೇ ಬರೆದಿಡಿ.