ಉಬ್ಬಿದರೂ ಬಿಡದ ಆಕಾರ

ಹೊಟ್ಟೆಯ ಸಿಟಿ ಸ್ಕ್ಯಾನನ್ನು ಪ್ರೀತಿಯಿಂದ ಓದುವ ರೇಡಿಯಾಲಜಿಸ್ಟ್, ಅಡ್ರಿನಲ್ ಗ್ರಂಥಿಗಳ ಹತ್ತಿರ ಬಂದಾಗ ಮೌಸಿನ ಚಕ್ರವನ್ನು ತಾನಾಗಿಯೇ ನಿಧಾನ ಮಾಡುತ್ತಾರೆ. ಎಡಗಡೆಯದು ಕಿಡ್ನಿಯ ಮೇಲ್ತುದಿಯ ಮುಂದೆ, ಬಲಗಡೆಯದು ಕೆಳ ಮಹಾಸಿರೆಯೆಂಬ ದೊಡ್ಡ ರಕ್ತನಾಳದ ಹಿಂದೆ. ಕವಲುಗಳ ದಪ್ಪ ಸುಮಾರು 5 ಮಿ.ಮೀ. ಸುತ್ತಲಿನ ಕೊಬ್ಬಿನ ಕಪ್ಪಿನಲ್ಲಿ ತಲೆಕೆಳಗಾದ ‘ವೈ’ಯಂಥ ಬೂದು ಗೆರೆ. ಇಷ್ಟು ಚಿಕ್ಕದು ಇಷ್ಟು ಸ್ಪಷ್ಟವಾಗಿ ಕಾಣುವುದೇ ಒಂದು ಸುಖ. ಆರೋಗ್ಯವಂತ ಗ್ರಂಥಿಗಳನ್ನು ವರ್ಷಗಟ್ಟಲೆ ಹೀಗೆ ನೋಡಿ ಪಳಗಿದ ಕಣ್ಣಿಗೇ ಅಲ್ಲಿನ ಲಿಂಫೋಮಾ, ಅಂದರೆ ಬಿಳಿರಕ್ತಕಣಗಳ ಒಂದು ಬಗೆಯ ಕ್ಯಾನ್ಸರ್, ಬೇಗ ಸಿಗುವುದು.

ಅಡ್ರಿನಲ್‌ನಲ್ಲೇ ಹುಟ್ಟುವ ಲಿಂಫೋಮಾ ಅಪರೂಪ. ನಾನ್-ಹಾಡ್ಜ್‌ಕಿನ್ ಲಿಂಫೋಮಾಗಳಲ್ಲಿ ಶೇ. 1ಕ್ಕೂ ಕಡಿಮೆ. ವಯಸ್ಸಾದ ಗಂಡಸರಲ್ಲಿ ಹೆಚ್ಚು, ಬಹಳಷ್ಟು ಸಲ ಎರಡೂ ಕಡೆ. ಅದರ ಬೆಳೆಯುವ ರೀತಿಯೇ ಬೇರೆ. ಕ್ಯಾನ್ಸರ್ ಕಣಗಳು ಗ್ರಂಥಿಯ ಚೌಕಟ್ಟನ್ನು ಒಡೆಯದೆ ಒಳಗೊಳಗೇ ತುಂಬಿಕೊಳ್ಳುತ್ತವೆ. ಹೀಗಾಗಿ ಗಡ್ಡೆ ಹಲವು ಸೆಂಟಿಮೀಟರ್ ಬೆಳೆದರೂ, ರಾತ್ರಿ ನೆನೆಹಾಕಿದ ಅವರೆಕಾಳು ಉಬ್ಬಿಯೂ ಅವರೆಕಾಳಾಗಿಯೇ ಇರುವ ಹಾಗೆ, ಹಳೆಯ ಆಕಾರ ಎಷ್ಟೋ ಸಲ ಉಳಿದಿರುತ್ತದೆ. ಆ ಉಬ್ಬಿದ ‘ವೈ’ಯನ್ನು ಗುರುತಿಸುವ ಕ್ಷಣಕ್ಕೆ ಈ ಕಸುಬಿನಲ್ಲಿ ಸಾಟಿಯಿಲ್ಲ.

ಆಮೇಲೆ ಅಂಕಿಗಳ ಸರದಿ. ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ರೂಪಿಸಿದ ಸಿಟಿ ಸ್ಕ್ಯಾನರಿನಲ್ಲಿ ಮೊದಲ ರೋಗಿಯ ತಲೆಯನ್ನು ನೋಡಿದ್ದು 1971ರಲ್ಲಿ, ಲಂಡನ್ನಿನ ಆಟ್ಕಿನ್ಸನ್ ಮಾರ್ಲೆ ಆಸ್ಪತ್ರೆಯಲ್ಲಿ. ಸಾಂದ್ರತೆಗೆ ಇರುವ ಅವರ ಹೆಸರಿನ ಅಳತೆಯಲ್ಲಿ ನೀರು 0, ಗಾಳಿ ಮೈನಸ್ 1000. ಕಾಂಟ್ರಾಸ್ಟ್ ಎಂಬ ಹೊಳಪಿನ ದ್ರವ ಕೊಡುವ ಮೊದಲೇ ಅಡ್ರಿನಲ್ ಗಂಟು 10ಕ್ಕಿಂತ ಕೆಳಗಿದ್ದು ಒಂದೇ ಸಮನಾಗಿದ್ದರೆ, ಅದು ಹೆಚ್ಚಾಗಿ ಕೊಬ್ಬು ತುಂಬಿದ ನಿರುಪದ್ರವಿ ಅಡಿನೋಮಾ. ಲಿಂಫೋಮಾ ಸಾಮಾನ್ಯವಾಗಿ ಅದಕ್ಕಿಂತ ಮೇಲಿರುತ್ತದೆ. ಕಾಂಟ್ರಾಸ್ಟ್ ಕೊಟ್ಟರೂ ಬಹಳ ಹೊಳೆಯುವುದಿಲ್ಲ. ಚಿಕಿತ್ಸೆಗೆ ಮುಂಚೆ ಸುಣ್ಣದ ಚುಕ್ಕೆಗಳೂ ವಿರಳ.

ಆದರೂ ಚಿತ್ರ ನೋಡಿಯೇ ತೀರ್ಪು ಕೊಡುವಂತಿಲ್ಲ. ಕ್ಷಯವೂ ಹಿಸ್ಟೊಪ್ಲಾಸ್ಮಾ ಎಂಬ ಶಿಲೀಂಧ್ರವೂ ಎರಡೂ ಗ್ರಂಥಿಗಳನ್ನು ಊದಿಸಬಲ್ಲವು, ಅದೂ ಆಕಾರ ಕೆಡದಂತೆ. ಶ್ವಾಸಕೋಶದ ಕ್ಯಾನ್ಸರ್ ಅಲ್ಲಿಗೆ ಹರಡುವುದು ಇನ್ನೂ ಮಾಮೂಲು. ನಮ್ಮ ದೇಶದಲ್ಲಿ ಕ್ಷಯವನ್ನು ಮರೆತು ವರದಿ ಬರೆಯುವಂತೆಯೇ ಇಲ್ಲ. ಕೊನೆಯ ಮಾತು ಬಯಾಪ್ಸಿಯದು. ಸೂಜಿ ಹಾಕುವ ಮುನ್ನ ಅದು ಫಿಯೋಕ್ರೋಮೋಸೈಟೋಮಾ ಎಂಬ, ಹಾರ್ಮೋನ್ ಸುರಿಸುವ ಗಡ್ಡೆ ಅಲ್ಲವೆಂದು ರಕ್ತಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಬೇಕು. ಅದನ್ನು ಚುಚ್ಚಿದರೆ ರಕ್ತದೊತ್ತಡ ಪ್ರಾಣಾಪಾಯದ ಮಟ್ಟಕ್ಕೆ ಏರಬಹುದು.

ಇದರ ನಡುವೆ ಒಂದು ಅವಸರವೂ ಇದೆ: ಲಿಂಫೋಮಾ ಎರಡೂ ಕಡೆ ತುಂಬಿದರೆ ಗ್ರಂಥಿಗಳೇ ಸೋಲಬಹುದು. ಎರಡೂ ಗ್ರಂಥಿಗಳು ಸೋತರೆ ಏನಾಗುತ್ತದೆಂದು ಥಾಮಸ್ ಅಡಿಸನ್ 1855ರಲ್ಲೇ ವಿವರಿಸಿದ್ದರು: ವಿಪರೀತ ಸುಸ್ತು, ಕ್ಷೀಣಿಸುವ ನಾಡಿ, ಕಪ್ಪಾಗುವ ಚರ್ಮ. ಅದಕ್ಕೇ ಒಳ್ಳೆಯ ರೇಡಿಯಾಲಜಿಸ್ಟ್ ವರದಿ ಟೈಪಾಗುವವರೆಗೂ ಕಾಯದೆ ವಾರ್ಡಿಗೆ ಫೋನ್ ಮಾಡಿ, ಈ ಗ್ರಂಥಿಗಳ ಹಾರ್ಮೋನ್ ಕಾರ್ಟಿಸಾಲ್ ಎಷ್ಟಿದೆಯೆಂದು ಇವತ್ತೇ ನೋಡಿ ಎನ್ನುತ್ತಾರೆ.